ಒಂಬತ್ತನೇ ಲಿವರಿನ ಬಳೆ

ಜನವರಿ 4

ಅಕ್ಕಾ,

ಫೋನ್ ಮಾಡಿದರೆ ನಿನ್ನ ಎಡಗಿವಿಯ ಕೃಪೆಯಿಂದ ಅರ್ಧ ಮಾತು ‘ಆಂ? ಏನಂದೆ?’ಗೇ ಹೋಗುತ್ತದೆ. ಆದ್ದರಿಂದ ಕಾಗದ. ಸುದ್ದಿ ಏನೆಂದರೆ ನಿನ್ನ ತಮ್ಮ ಇತಿಹಾಸಕಾರನಾಗಿದ್ದಾನೆ. ನಗು, ಪರವಾಗಿಲ್ಲ. ನಿನ್ನ ನಾದಿನಿ ಎರಡು ದಿನ ನಕ್ಕು ಈಗ ಸುಧಾರಿಸಿಕೊಂಡಿದ್ದಾಳೆ.

ನಮ್ಮೂರ ರೈಲ್ವೆ ಸ್ಟೇಷನ್ನಿಗೆ ಏಪ್ರಿಲ್ ಇಪ್ಪತ್ತಕ್ಕೆ ನೂರು ತುಂಬುತ್ತದೆ. ಅದಕ್ಕೊಂದು ಸಮಿತಿ, ಸಮಿತಿಗೊಬ್ಬ ಅಧ್ಯಕ್ಷ, ಅಧ್ಯಕ್ಷರಿಗೊಂದು ಫೋಟೊ, ಫೋಟೊ ಹಾಕಲು ಒಂದು ಪುಸ್ತಕ, ಪುಸ್ತಕ ಬರೆಯಲು ನಾನು. ನಗರಸಭೆಯ ಲೈಬ್ರರಿಯಲ್ಲಿ ಇಪ್ಪತ್ತು ವರ್ಷ ಧೂಳು ಹೊಡೆದವನಿಗೆ ಇತಿಹಾಸ ಗೊತ್ತಿರಲೇಬೇಕು ಅಂತ ಅವರ ಲೆಕ್ಕಾಚಾರ. ನಿವೃತ್ತರಾದವರಿಗೆಲ್ಲ ಪ್ರಾಸ ಕಟ್ಟಿ ಬೀಳ್ಕೊಟ್ಟದ್ದೂ ಒಂದು ಅರ್ಹತೆ. ಮುಖಪುಟಕ್ಕೆ ಈಗಾಗಲೇ ಬರೆದುಕೊಟ್ಟೆ:

ನೂರು ವರ್ಷದ ನಿಲ್ದಾಣ,
ಊರಿಗೆಲ್ಲ ಇದೇ ಪ್ರಾಣ,
ಗಾಡಿ ಮಾತ್ರ ನಿಧಾನ.

ಮೂರನೇ ಸಾಲನ್ನು ಸಮಿತಿ ಸರ್ವಾನುಮತದಿಂದ ಹೊಡೆದುಹಾಕಿತು. ಆದರೆ ಅದು ನಿಜ ಅಕ್ಕ. ಮೊಟ್ಟಮೊದಲ ಗಾಡಿಯೇ ನಾಲ್ಕು ಗಂಟೆ ತಡವಾಗಿ ಬಂತು. ಸ್ವಾಗತ ಭಾಷಣ ಮಾಡಬೇಕಿದ್ದವರು ಭಾಷಣ ಮರೆತು ಊಟಕ್ಕೆ ಹೋಗಿದ್ದರಂತೆ. ಸಂಪ್ರದಾಯವನ್ನು ಇಷ್ಟು ನಿಷ್ಠೆಯಿಂದ ಉಳಿಸಿಕೊಂಡ ಸಂಸ್ಥೆ ಊರಿನಲ್ಲಿ ಇನ್ನೊಂದಿಲ್ಲ.

ಈಗ ನಿಜವಾದ ಮಾತು. ಸಮಿತಿ ಕೊಟ್ಟ ಹಳೆಯ ಟಿಪ್ಪಣಿಯಲ್ಲಿ ನಲವತ್ತು ವರ್ಷದ ಹಿಂದಿನ ಆ ಅಪಘಾತಕ್ಕೆ ಒಂದೇ ವಾಕ್ಯ: ‘ಕ್ಯಾಬಿನ್ ನೌಕರನೊಬ್ಬನ ಅಲಕ್ಷ್ಯದಿಂದ ಎರಡು ಗಾಡಿಗಳು ಡಿಕ್ಕಿಯಾಗಿ ಹನ್ನೊಂದು ಮಂದಿ ಮೃತಪಟ್ಟರು.’ ನೌಕರನೊಬ್ಬ! ಅದು ಅಪ್ಪ ಅಂತ ನಮ್ಮಿಬ್ಬರಿಗೆ ಬಿಟ್ಟು ಈಗ ಯಾರಿಗೆ ಗೊತ್ತಿದೆ? ಹದಿನೆಂಟು ತಿಂಗಳು ಜೈಲಲ್ಲಿದ್ದು ಬಂದು, ಮರದ ಅಡ್ಡೆಯ ಗೇಟಿನಲ್ಲಿ ಕಾವಲು ಕೂತು, ದಿನಕ್ಕೆ ಹತ್ತು ಮಾತೂ ಆಡದೆ ಹೋದ ಮನುಷ್ಯ. ನಾನು ಆ ವಾಕ್ಯವನ್ನು ಪುಸ್ತಕದಿಂದ ಕೀಳುತ್ತೇನೆ. ಈ ಕೆಲಸ ಒಪ್ಪಿಕೊಂಡದ್ದೇ ಅದಕ್ಕೆ.

ನನಗೆ ಆಗ ಆರು ವರ್ಷ. ನೆನಪಿರುವುದು ನೀನು ಬಾಯಿಪಾಠ ಮಾಡಿಸಿದ ಅಪ್ಪನ ಪದ್ಯ ಒಂದೇ:

ಏಳು ಎಳೆದರೆ ಒಂದನೇ ಸಾಲು,
ಎಂಟು ಎಳೆದರೆ ಎರಡನೇ ಸಾಲು,
ಒಂಬತ್ತಾದರೆ ಮೂರನೇ ಸಾಲು,
ಬಳೆ ಕಂಡಲ್ಲಿ ಕಟ್ಟು ಕೈಕಾಲು.

ಸಮಿತಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಯಿತು: ಹಳಿ ಪಕ್ಕದ ಮಹಡಿ ಕೋಣೆಯಾದ ಕ್ಯಾಬಿನ್ನಿನಲ್ಲಿ ಹದಿನಾರು ಲಿವರ್, ಅಂದರೆ ಆಳೆತ್ತರದ ಕಬ್ಬಿಣದ ಸನ್ನೆಗೋಲು, ಸಾಲಾಗಿ ನಿಂತಿರುತ್ತಿದ್ದವು, ಒಂದೊಂದನ್ನು ಎಳೆದರೆ ಗಾಡಿಗೆ ದಾರಿ ಬಿಡುವ ಒಂದೊಂದು ಕೈಮರ. ಯಾವ ಸಾಲಿನ ಹಳಿಯ ಮೇಲೆ ಗಾಡಿ ನಿಂತಿದೆಯೋ ಆ ಸಾಲಿನ ಲಿವರಿಗೆ ಕೆಂಪು ಬಣ್ಣದ ಕಬ್ಬಿಣದ ಬಳೆ ತೊಡಿಸುವುದು, ಮರೆತು ಎಳೆಯದಿರಲಿ ಅಂತ. ಅಧ್ಯಕ್ಷರು, ‘ಓಹೋ, ಬಳೆ ತೊಟ್ಟವಳ ತಂಟೆಗೆ ಹೋಗಬಾರದು ಅಂತ!’ ಅಂದು ತಾವೇ ನಕ್ಕರು.

ನಿನಗಾಗ ಹದಿನಾಲ್ಕು. ದಿನಾ ಅಪ್ಪನಿಗೆ ಊಟ ಒಯ್ಯುತ್ತಿದ್ದವಳು ನೀನು. ನೆನಪಿದ್ದದ್ದೆಲ್ಲ ಬರಿ.

ನಿನ್ನ ತಮ್ಮ

•

ಜನವರಿ 19

ತಮ್ಮಾ,

ಮಹಾಕವಿಗಳಿಗೆ ಅಭಿನಂದನೆ. ಮೂರನೇ ಸಾಲೇ ಚೆನ್ನಾಗಿತ್ತು.

ನೆನಪಿದ್ದದ್ದು ಬರೆಯುತ್ತೇನೆ. ಒಂದನೇ ಪ್ಲಾಟ್‌ಫಾರಂನ ಗಡಿಯಾರ ಮೂರು ನಿಮಿಷ ಮುಂದಿರುತ್ತಿತ್ತು. ಜನ ಓಡಲಿ ಅಂತ ಬೇಕೆಂದೇ ಹಾಗಿಟ್ಟಿದ್ದರು. ಎಲ್ಲರಿಗೂ ಅದು ಗೊತ್ತಿದ್ದದ್ದರಿಂದ ಯಾರೂ ಓಡುತ್ತಿರಲಿಲ್ಲ. ಮೇಲಿನ ದರ್ಜೆಯವರ ಕಾಯುವ ಕೋಣೆಯಲ್ಲಿ ಒಂದು ಆಳೆತ್ತರದ ಕನ್ನಡಿ ಇತ್ತು. ಗುಡಿಸುವ ಹೆಂಗಸು ಬಾಗಿಲು ತೆಗೆದಾಗ ನಾವು ಹುಡುಗಿಯರು ಹೋಗಿ ಮುಖ ನೋಡಿಕೊಂಡು ಬರುತ್ತಿದ್ದೆವು. ನೀರಿನ ತೊಟ್ಟಿಯ ಕೆಳಗೆ ಯಾವಾಗಲೂ ಕೆಸರು. ಯುದ್ಧದ ವರ್ಷ ಸೈನಿಕರು ತುಂಬಿದ ಗಾಡಿಗಳು ನಿಲ್ಲದೆ ಹೋಗುತ್ತಿದ್ದವು, ಕಿಟಕಿಯಿಂದ ಕಾಗದ ಎಸೆಯುತ್ತಿದ್ದರು, ಟಪಾಲಿಗೆ ಹಾಕಿ ಅಂತ. ಸ್ಟೇಷನ್ ಮಾಸ್ಟರು ಅವನ್ನೆಲ್ಲ ಹೆಕ್ಕಿಸಿ, ಸ್ಟಾಂಪು ತಾವೇ ಹಚ್ಚಿ ಕಳಿಸುತ್ತಿದ್ದರು. ಇದನ್ನು ಖಂಡಿತ ಬರಿ.

ಅಪಘಾತದ ವಿಷಯ ಬಿಡು. ನೂರು ವರ್ಷದ ಸ್ಟೇಷನ್ನಿಗೆ ಒಂದು ಮಧ್ಯಾಹ್ನ ಎಷ್ಟರದ್ದು? ಅಪ್ಪ ಅದರ ಬಗ್ಗೆ ಮಾತಾಡಬೇಕು ಅಂದುಕೊಂಡಿದ್ದರೆ ಅವನೇ ಆಡುತ್ತಿದ್ದ.

ಇಲ್ಲಿ ಆಪರೇಷನ್ ಥಿಯೇಟರಿನಲ್ಲಿ ಕೆಲಸ ಜಾಸ್ತಿ. ಹೊಸ ನರ್ಸುಗಳು ಬಂದಿದ್ದಾರೆ. ಹೊಟ್ಟೆ ಹೊಲಿಯುವ ಮುಂಚೆ ಕತ್ತರಿ, ಹತ್ತಿ ಎಲ್ಲ ಮೂರು ಸಲ ಎಣಿಸಿ ಅಂದರೆ ನನ್ನ ಬೆನ್ನ ಹಿಂದೆ ‘ಮೂರೆಣಿಕೆ ಅಮ್ಮ’ ಅನ್ನುತ್ತಾರೆ. ಅನ್ನಲಿ. ನಿನ್ನ ಭಾವ ಆರಾಮ.

ಅಕ್ಕ

•

ಫೆಬ್ರವರಿ 2

ಅಕ್ಕಾ,

ಗಡಿಯಾರ, ಕನ್ನಡಿ ಎರಡನ್ನೂ ಸೇರಿಸಿದೆ. ಮಾಸ್ಟರ ಸ್ಟಾಂಪಿನ ಕಥೆ ಸೇರಿಸಲಾರೆ. ಯಾಕೆ ಅಂತ ಕೇಳು.

ಸ್ಟೇಷನ್ನಿನ ಹಳೆಯ ಪಾರ್ಸೆಲ್ ಕೋಣೆಯಲ್ಲಿ ಕಪಾಟು ಕೆಡವುತ್ತಿದ್ದರು. ಗೆದ್ದಲು ತಿಂದು ಬಿಟ್ಟದ್ದರಲ್ಲಿ ವಿಚಾರಣೆಯ ವರದಿ ಸಿಕ್ಕಿತು. ನಾಲ್ಕು ದಿನ ಓದಿದೆ. ನಡೆದದ್ದು ಇಷ್ಟು: ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಪ್ಯಾಸೆಂಜರ್ ಗಾಡಿ ಎರಡನೇ ಸಾಲಿಗೆ ಬಂತು. ಅಪ್ಪ ಬಳೆ ತೊಡಿಸಿದ. ಎಂಜಿನ್ ಕೆಟ್ಟು ಗಾಡಿ ಅಲ್ಲೇ ನಿಂತುಬಿಟ್ಟಿತು. ಹೊಸದಾಗಿ ಕಟ್ಟಿದ ಗೋದಾಮು ಅಡ್ಡ ಇದ್ದದ್ದರಿಂದ ಕ್ಯಾಬಿನ್ನಿನಿಂದ ಅದು ಕಾಣುತ್ತಿರಲಿಲ್ಲ. ಮುಕ್ಕಾಲು ಗಂಟೆ ಕಳೆದು ಪಕ್ಕದ ಸ್ಟೇಷನ್ನಿನವರು ಗೂಡ್ಸ್ ಗಾಡಿಗೆ ದಾರಿ ಕೇಳಿದರು. ಮೂರನೇ ಸಾಲು ಖಾಲಿ ಇತ್ತು. ಆದರೆ ಬಳೆ ಎಂಟರಲ್ಲಿ ಇರಬೇಕಾದದ್ದು ಒಂಬತ್ತರಲ್ಲಿತ್ತು. ಬಳೆ ನೋಡಿದ ಅಪ್ಪ ಮೂರನೇ ಸಾಲಿನಲ್ಲಿ ಗಾಡಿ ಇದೆ ಅಂತ ತಿಳಿದು ಎಂಟನ್ನು ಎಳೆದ. ಗೂಡ್ಸ್ ಬಂದು ನಿಂತ ಗಾಡಿಯ ಬೆನ್ನಿಗೆ ಹೊಡೆಯಿತು.

ಅಪ್ಪನ ಹೇಳಿಕೆ ಎರಡೇ ವಾಕ್ಯ: ‘ಬಳೆಯನ್ನು ತಪ್ಪು ಲಿವರಿಗೆ ಹಾಕಿದವನು ನಾನೇ. ಊಟಕ್ಕೆ ಕೆಳಗಿಳಿದಿದ್ದ ಹೊತ್ತಿನಲ್ಲಿ ಮಾಸ್ಟರು ಬಂದು ಕ್ಯಾಬಿನ್ನಿನ ಪುಸ್ತಕಕ್ಕೆ ಸಹಿ ಹಾಕಿದ್ದು ಬಿಟ್ಟರೆ ಬೇರೆ ಯಾರೂ ಮೇಲೆ ಹೋಗಿಲ್ಲ.’

ಮೊದಲ ವಾಕ್ಯ ಸುಳ್ಳು ಅಕ್ಕ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ತಪ್ಪದ ಕೈ ಅದು. ಎಂಥ ಕೆಲಸಗಾರ ಅನ್ನುವುದಕ್ಕೆ ವರದಿಯಲ್ಲೇ ಸಾಕ್ಷಿ ಇದೆ: ‘ಹದಿನಾರು ಲಿವರುಗಳ ಹಿಡಿಗಳೂ ಆಗಷ್ಟೇ ಉಜ್ಜಿದಂತೆ ಹೊಳೆಯುತ್ತಿದ್ದವು, ಕಿಟಕಿಯ ಮೇಲೆ ಎಣ್ಣೆ ಬಟ್ಟೆ ಇತ್ತು.’ ಮಾರನೆಯ ದಿನ ತಪಾಸಣೆ, ಚೊಕ್ಕ ಕ್ಯಾಬಿನ್ನಿಗೆ ಬಹುಮಾನ. ಇಂಥವನು ಅಲಕ್ಷ್ಯ ಮಾಡುವವನೇ?

ಮೇಲೆ ಹೋದವರು ಇಬ್ಬರೇ. ಅಪ್ಪ ಅಲ್ಲ ಅಂದಮೇಲೆ ಇನ್ನು ಯಾರು? ಹನ್ನೆರಡು ಇಪ್ಪತ್ತಕ್ಕೆ ಹಾಕಿದ ಸಹಿ ಮಾಸ್ಟರದೇ. ಮೇಲಧಿಕಾರಿಯ ತಪ್ಪನ್ನು ಅಪ್ಪ ಹೊತ್ತುಕೊಂಡ. ಯಾರನ್ನೋ ಉಳಿಸಲು ಸುಳ್ಳು ಹೇಳಿದ್ದಾನೆ ಅನ್ನುವುದರಲ್ಲಿ ನನಗೆ ಸಂಶಯವೇ ಇಲ್ಲ. ಮಾಸ್ಟರು ಇನ್ನೂ ಇದ್ದಾರೆ, ಎಂಬತ್ತೆಂಟು, ಮಗಳ ಮನೆಯಲ್ಲಿ. ಸ್ಟಾಂಪು ಹಚ್ಚಿದ ಕೈಯೇ ಬಳೆ ಬದಲಿಸಿದ್ದು ಅಂತ ಬರೆಯುತ್ತೇನೆ.

ನಿನ್ನ ಅಭಿಪ್ರಾಯ ಬೇಗ ತಿಳಿಸು. ಅಚ್ಚಿಗೆ ಮಾರ್ಚ್ ಮಧ್ಯಕ್ಕೆ ಹೋಗುತ್ತದೆ.

ತಮ್ಮ

•

ಮಾರ್ಚ್ 5

ತಮ್ಮಾ,

ನಿನ್ನ ಕಾಗದ ಬಂದು ತಿಂಗಳಾಯಿತು. ಮೈ ಸರಿ ಇರಲಿಲ್ಲ. ಈಗ ಪರವಾಗಿಲ್ಲ.

ಆ ಹಿರಿಯರ ಮನೆಗೆ ಹೋಗಬೇಡ. ಅವರ ಬಗ್ಗೆ ಹಾಗೆ ಬರೆಯಲೂ ಬೇಡ. ಒಂದು ಸಹಿಯಿಂದ ಏನು ಗೊತ್ತಾಗುತ್ತದೆ? ಹಳೆಯ ಟಿಪ್ಪಣಿಯಲ್ಲಿದ್ದ ವಾಕ್ಯವನ್ನೇ ಉಳಿಸು, ಇಲ್ಲವೇ ಪೂರ್ತಿ ಬಿಟ್ಟುಬಿಡು.

ವರದಿಯಲ್ಲಿ ಬೇರೆ ಯಾರ ಹೆಸರಾದರೂ ಇದೆಯೆ? ಸುಮ್ಮನೆ ಕೇಳಿದೆ.

ಅಕ್ಕ

•

ಮಾರ್ಚ್ 12

ಅಕ್ಕಾ,

ನಿನ್ನ ಕಾಗದ ತಲುಪುವ ಮುಂಚೆಯೇ ಹೋಗಿ ಬಂದಿದ್ದೆ. ತಲುಪಿದ್ದರೂ ಹೋಗುತ್ತಿದ್ದೆ.

ಮಾಸ್ಟರು ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಬೆನ್ನು ಹಾಕಿ ಕೂತಿದ್ದರು. ಮಂಚ, ಒಂದು ಸ್ಟೂಲು, ಗೋಡೆಗೆ ಹಳೆಯ ವೇಳಾಪಟ್ಟಿ. ಮಗಳು ಕಿವಿಯ ಹತ್ತಿರ ಬಾಗಿ, ‘ಅಪ್ಪಾ, ಕ್ಯಾಬಿನ್ನಿನವರ ಮಗ’ ಅಂದಳು. ಅವರು ನನ್ನನ್ನು ನೋಡಲಿಲ್ಲ, ನನ್ನ ಕೈ ನೋಡಿದರು.

‘ನಿಮ್ಮಕ್ಕ ಹೇಗಿದ್ದಾಳಪ್ಪ?’ ಅಂದರು.

‘ಚೆನ್ನಾಗಿದ್ದಾಳೆ. ನಾನು ಬಂದಿದ್ದು ಅಪ್ಪನ ವಿಷಯಕ್ಕೆ.’

‘ನರ್ಸ್ ಆದ್ಳಂತೆ. ಒಳ್ಳೇದಾಯ್ತು.’

‘ಸಾರ್, ಆ ದಿನ ಹನ್ನೆರಡು ಇಪ್ಪತ್ತಕ್ಕೆ ನೀವು ಕ್ಯಾಬಿನ್ನಿಗೆ ಹೋಗಿದ್ರಿ. ಬಳೆ ಮುಟ್ಟಿದ್ರಾ ಇಲ್ವಾ? ಅಷ್ಟು ಹೇಳಿ ಸಾಕು.’

‘ನಿಮ್ಮಪ್ಪ ಏನು ಬರ್ಕೊಟ್ಟಿದ್ದಾನೋ ಅದನ್ನೇ ಹಾಕು ಮಗಾ.’

ಇಷ್ಟೇ ಅಕ್ಕ. ‘ಮುಟ್ಟಿಲ್ಲ’ ಅನ್ನುವ ಒಂದು ಪದ ಆ ಬಾಯಿಂದ ಬರಲಿಲ್ಲ. ನಾನು ಬರೆದದ್ದರ ಕರಡಚ್ಚು ಜೇಬಿನಲ್ಲೇ ಇತ್ತು, ಮುಂದಿಟ್ಟೆ. ‘ಅಂದಿನ ಸ್ಟೇಷನ್ ಮಾಸ್ಟರರ ಕೈತಪ್ಪನ್ನು ಬಡ ನೌಕರನೊಬ್ಬ ಹೊತ್ತುಕೊಂಡ’ ಅಂತ ಅದರಲ್ಲಿದೆ. ಭೂತಗನ್ನಡಿ ಹಿಡಿದು ಅರ್ಧ ಗಂಟೆ ಓದಿದರು. ಮಗಳು ಹಿಂದಿನಿಂದ ಬಗ್ಗಿ ಓದಿ ಬಾಯಿಗೆ ಸೆರಗು ಹಿಡಿದಳು. ಅವರು ಓದಿ ಮುಗಿಸಿ ಹೇಳಿದ್ದೇನು ಗೊತ್ತಾ?

‘ಅಕ್ಷರ ತಪ್ಪಿಲ್ಲ. ಅಚ್ಚು ಹಾಕು.’

ಕೇಳದೇನೇ ಕೆಳಗೆ ಸಹಿ ಹಾಕಿ ಕೊಟ್ಟರು. ತಪ್ಪು ಒಪ್ಪಿಕೊಳ್ಳುವುದು ಅಂದರೆ ಇನ್ನು ಹೇಗೆ? ನನಗೆ ಖುಷಿಯಾಗಬೇಕಿತ್ತು. ಮನೆಗೆ ಬಂದು ಊಟ ಸೇರಲಿಲ್ಲ, ಅದು ಬೇರೆ ಮಾತು.

ಇನ್ನೊಂದು ಹೇಳಿಬಿಡುತ್ತೇನೆ, ಸಿಟ್ಟು ಮಾಡಿಕೋ. ನೀನು ಅಪ್ಪನ ಬಗ್ಗೆ ನಾಚಿಕೊಂಡವಳು. ಹತ್ತೊಂಬತ್ತಕ್ಕೆ ಊರು ಬಿಟ್ಟೆ. ಅಪ್ಪನಿಗೆ ಕೊನೆಯಾಗುತ್ತಿದೆ ಅಂತ ತಂತಿ ಕೊಟ್ಟರೆ ರೈಲಿಗೆ ಬರದೆ ಬಸ್ಸಿನಲ್ಲಿ ಊರೂರು ಸುತ್ತಿ ಎರಡು ದಿನ ತಡವಾಗಿ ಬಂದೆ. ಮುಖ ನೋಡಲೂ ಸಿಗಲಿಲ್ಲ. ಈಗ ‘ಅಲಕ್ಷ್ಯ’ ಅನ್ನುವ ವಾಕ್ಯ ಉಳಿಸು ಅನ್ನುತ್ತೀ. ಅಪರಾಧಿಯ ಮಗಳಾಗಿ ಬದುಕಿ ಅಭ್ಯಾಸವಾಗಿಬಿಟ್ಟಿದೆಯೇನೋ. ನನಗೆ ಆಗಿಲ್ಲ.

ಪುಸ್ತಕ ಅಚ್ಚಿಗೆ ಹೋಯಿತು.

ತಮ್ಮ

•

ಮಾರ್ಚ್ 18

ತಮ್ಮಾ,

ಇದನ್ನು ನಿಂತು ಓದಬೇಡ, ಕೂತು ಓದು.

ಆ ಲಿವರುಗಳನ್ನು ಉಜ್ಜಿದವಳು ನಾನು.

ಅಪ್ಪ ಕೆಳಗೆ ನಲ್ಲಿಯ ಹತ್ತಿರ ಊಟಕ್ಕೆ ಕೂತಿದ್ದ. ಕ್ಯಾಬಿನ್ ಬಿಟ್ಟು ಇಳಿಯಬಾರದು ಅಂತ ನಿಯಮ ಇದೆ, ಎಲ್ಲರೂ ಹತ್ತು ನಿಮಿಷ ಇಳಿಯುತ್ತಿದ್ದರು. ಮೂರು ವರ್ಷ ಬಹುಮಾನ ಪಕ್ಕದ ಸ್ಟೇಷನ್ನಿನವರಿಗೆ ಹೋಗಿತ್ತು. ಅಪ್ಪನಿಗೆ ಗೊತ್ತಾಗದ ಹಾಗೆ ಹೊಳಪು ಮಾಡಿಬಿಡೋಣ ಅಂತ ಮೇಲೆ ಹೋದೆ. ಹಿಡಿ ಬರಿಗೈಯಲ್ಲಿ ಮುಟ್ಟಬಾರದು, ಬೆವರಿಗೆ ತುಕ್ಕು ಬರುತ್ತದೆ ಅಂತ ಅಪ್ಪನೇ ಕಲಿಸಿದ್ದ. ಎಣ್ಣೆ ಬಟ್ಟೆ ತಗೊಂಡು ಒಂದರಿಂದ ಶುರು ಮಾಡಿದೆ. ಎಂಟಕ್ಕೆ ಬಂದಾಗ ಬಳೆ ಅಡ್ಡ ಬಂತು. ತೆಗೆದೆ. ಉಜ್ಜಿದೆ. ಒಂಬತ್ತು ಉಜ್ಜಿದೆ, ಹತ್ತು ಉಜ್ಜಿದೆ, ಹದಿನಾರರ ತನಕ ಹೋದೆ. ಕೊನೆಗೆ ತಿರುಗಿ ನೋಡಿದರೆ ಎಲ್ಲವೂ ಒಂದೇ ಥರ ಹೊಳೆಯುತ್ತಿದ್ದವು. ಬಳೆಯನ್ನು ಎಲ್ಲಿಂದ ತೆಗೆದೆನೋ ಅಲ್ಲಿಗೇ ಹಾಕಿದೆ ಅಂದುಕೊಂಡೆ. ಆ ಪದ್ಯ ಬಾಯಿಪಾಠ ಇದ್ದವಳು, ನಿನಗೆ ಕಲಿಸಿದವಳು. ಎಣಿಸಲಿಲ್ಲ.

ಇಳಿಯುವಾಗ ಮೆಟ್ಟಿಲ ಮೇಲೆ ಮಾಸ್ಟರು ಎದುರಾದರು. ‘ಏನಮ್ಮಾ, ನಿಮ್ಮಪ್ಪನ ಕೆಲಸ ಕಿತ್ಕೊಳ್ತೀಯಾ?’ ಅಂತ ನಕ್ಕು ಮೇಲೆ ಹೋದರು.

ಅಪ್ಪ ಯಾವಾಗಲೂ ಹೇಳುತ್ತಿದ್ದ: ನೆನಪು ನಂಬಬೇಡ, ಬಳೆ ನಂಬು. ಎರಡನೇ ಸಾಲಿಗೆ ಗಾಡಿ ತಗೊಂಡ ನೆನಪು ಅವನಿಗೆ ಇದ್ದೇ ಇತ್ತು. ಆದರೆ ಬಳೆ ಮೂರು ಅಂತಿತ್ತು. ಅವನು ತನ್ನ ತಲೆಯನ್ನು ಬಿಟ್ಟು ಬಳೆಯನ್ನು ನಂಬಿದ. ಕೆಲಸ ಗೊತ್ತಿಲ್ಲದವನಾಗಿದ್ದರೆ ಒಮ್ಮೆ ಕೆಳಗಿಳಿದು ನೋಡಿ ಬರುತ್ತಿದ್ದ.

ನಾನು ಇನ್ನೂ ನಲ್ಲಿಯ ಹತ್ತಿರ ಊಟದ ಡಬ್ಬಿ ತೊಳೆಯುತ್ತಿದ್ದೆ. ಡಿಕ್ಕಿಯಾದ ಸದ್ದಿಗೇ ನನ್ನ ಎಡಗಿವಿ ಹೋದದ್ದು. ನೀವೆಲ್ಲ ಜ್ವರದಿಂದ ಅಂದುಕೊಂಡಿರಿ. ಆಮೇಲೆ ಅಪ್ಪ ಇಳಿದು ಬಂದ. ನನ್ನ ಕೈ ನೋಡಿದ. ಬೆರಳೆಲ್ಲ ಎಣ್ಣೆ. ತನ್ನ ಅಂಗಿಯಿಂದ ಒಂದೊಂದೇ ಬೆರಳು ಒರೆಸಿದ. ‘ಮನೆಗೆ ಹೋಗು. ನೀನು ಇವತ್ತು ಇಲ್ಲಿಗೆ ಬಂದೇ ಇಲ್ಲ’ ಅಂದ. ಮಾಸ್ಟರು ಪಕ್ಕದಲ್ಲೇ ನಿಂತಿದ್ದರು. ವಿಚಾರಣೆಯಲ್ಲಿ ಅವರೂ ನಾನು ಬಂದೇ ಇಲ್ಲ ಅಂದರು. ಆ ಸಹಿಯಿಂದ ಅವರ ಮೇಲೂ ಅನುಮಾನ ಬಂದು ಬಡ್ತಿ ನಿಂತುಹೋಯಿತು.

ಜೈಲಿಂದ ಬಂದ ದಿನ ನಾನು ಅಪ್ಪನ ಮುಂದೆ ಬಾಯಿ ತೆರೆದೆ. ‘ಆ ಮಾತು ಎತ್ತಿದರೆ ನಾನು ಹದಿನೆಂಟು ತಿಂಗಳು ಇದ್ದದ್ದೆಲ್ಲ ದಂಡ’ ಅಂದ. ಆಮೇಲೆ ಅವನು ಒಂದೂ ಪದ್ಯ ಕಟ್ಟಲಿಲ್ಲ. ನಾಚಿಕೆ ಅಲ್ಲ ತಮ್ಮಾ, ಆ ಮನೆಯಲ್ಲಿ ಅವನ ಎದುರು ಊಟಕ್ಕೆ ಕೂರಲು ಆಗುತ್ತಿರಲಿಲ್ಲ. ರೈಲಿಗೆ ಕಾಲಿಡಲು ಈವತ್ತಿಗೂ ಆಗಿಲ್ಲ.

ಸತ್ತ ಹನ್ನೊಂದು ಜನರಲ್ಲಿ ಇಬ್ಬರು ಪರೀಕ್ಷೆ ಬರೆದು ಬರುತ್ತಿದ್ದ ಹುಡುಗಿಯರು. ಒಬ್ಬ ಕನ್ನಡಕ ರಿಪೇರಿಯವನು. ಉಳಿದವರೂ ಯಾರು ಯಾರು ಅಂತ ನನಗೆ ಗೊತ್ತು, ವರದಿ ನೋಡಬೇಕಾಗಿಲ್ಲ.

ಈಗ ಇದನ್ನೆಲ್ಲ ಬರಿ. ಮಾಸ್ಟರ ಮೇಲೆ ಹಾಕಿದ್ದನ್ನು ತೆಗೆ. ಅಪ್ಪನದನ್ನೂ ತೆಗೆ. ನನ್ನ ಹೆಸರು ಹಾಕು, ವಯಸ್ಸು ಹಾಕು. ನಲವತ್ತು ವರ್ಷದಿಂದ ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೆ. ನೀನು ಕೇಳಿದೆ, ಆದರೆ ನಾನು ಗಡಿಯಾರ, ಕನ್ನಡಿ ಅಂತ ಬರೆದೆ.

ಅಕ್ಕ

•

ಏಪ್ರಿಲ್ 2

ಅಕ್ಕಾ,

ನಿನ್ನ ಕಾಗದ ಬಂದ ದಿನ ಐನೂರು ಪ್ರತಿ ಅಚ್ಚಾಗಿ ಬೈಂಡಿಂಗ್ ಮುಗಿದಿತ್ತು. ಪ್ರೆಸ್ಸಿನ ನೆಲದ ಮೇಲೆ ಕೂತು ಎರಡು ದಿನ ಬ್ಲೇಡಿನಲ್ಲಿ ಅರುವತ್ತೊಂದನೇ ಪುಟದ ಹಾಳೆ ಕೊಯ್ದೆ, ಐನೂರರಲ್ಲೂ. ಬೈಂಡಿಂಗಿನವನು, ‘ಪುಟ ಯಾಕಿಲ್ಲ ಅಂತ ಯಾರಾದ್ರೂ ಕೇಳಿದ್ರೆ ನನ್ನ ತಲೆಗೆ ಕಟ್ಟಿ ಸಾರ್, ನಮಗೆ ಅಭ್ಯಾಸ’ ಅಂದ. ಬೇರೆ ದಿನವಾಗಿದ್ದರೆ ಅದಕ್ಕೊಂದು ಪ್ರಾಸ ಕಟ್ಟುತ್ತಿದ್ದೆ. ಆವತ್ತು ಮುಂದಿನ ಪ್ರತಿ ಎತ್ತಿಕೊಂಡೆ.

ಮಾಸ್ಟರ ಮನೆಗೆ ಹೋದೆ. ಮಗಳು ಬಾಗಿಲಲ್ಲೇ ನಿಲ್ಲಿಸಿದಳು. ‘ಇನ್ನೇನು ಬರೆಸ್ಕೊಂಡು ಹೋಗೋಕೆ ಬಂದ್ರಿ?’ ಅಂದಳು. ಒಳಗಿಂದ ಅವರೇ ಕರೆದರು. ಕಾಲು ಮುಟ್ಟಲು ಬಗ್ಗಿದರೆ ಬಿಡಲಿಲ್ಲ.

‘ಯಾಕೆ ಸಾರ್ ಸಹಿ ಹಾಕಿದ್ರಿ?’

‘ನೀನು ಬರೆದಿದ್ದು ಪೂರ್ತಿ ಸುಳ್ಳೇನಲ್ಲ ಕಣಪ್ಪ. ನಾನು ಆ ಬಳೆ ಎದುರಿಗೇ ನಿಂತು ಸಹಿ ಹಾಕಿದ್ದು. ಹಿಡಿಗಳು ಎಷ್ಟು ಚೆನ್ನಾಗಿ ಹೊಳೀತಿದಾವೆ ಅಂತ ನೋಡಿದೆ. ಬಳೆ ನೋಡಲಿಲ್ಲ.’ ಆಮೇಲೆ, ‘ಹೆಣ್ಣುಮಗು. ನಿಮ್ಮಪ್ಪಂಗೆ ಮಾತು ಕೊಟ್ಟಿದ್ದೆ’ ಅಂದರು.

ಹೊಸ ಹಾಳೆ ಅಚ್ಚಾಗಿ ಅಂಟಿಸಿಯಾಯಿತು. ಅಂಚೆಯಲ್ಲಿ ಒಂದು ಪ್ರತಿ ಕಳಿಸಿದ್ದೇನೆ. ಅದರಲ್ಲಿ ಅಪ್ಪನ ಹೇಳಿಕೆಯ ಮೊದಲ ವಾಕ್ಯವನ್ನು ಇದ್ದಹಾಗೇ ಹಾಕಿದ್ದೇನೆ: ‘ಬಳೆಯನ್ನು ತಪ್ಪು ಲಿವರಿಗೆ ಹಾಕಿದವನು ನಾನೇ.’ ಕೀಳುತ್ತೇನೆ ಅಂತ ಹೊರಟವನು ಅದನ್ನು ದಪ್ಪಕ್ಷರದಲ್ಲಿ ಬರೆದು ಬಂದೆ. ನಿನ್ನ ವಿಷಯ ಹಾಕಿಲ್ಲ. ಹಾಕಲಾರೆ. ನೀನು ಮಗುವಾಗಿದ್ದೆ. ಅಪ್ಪ ಹದಿನೆಂಟು ತಿಂಗಳು ಕೊಟ್ಟು ಮುಚ್ಚಿದ್ದನ್ನು ನಾನು ಒಂದು ಸ್ಮರಣ ಸಂಚಿಕೆಗೋಸ್ಕರ ತೆರೆಯಲಾರೆ. ನಿನ್ನ ಕಾಗದ ಸುಟ್ಟೆ. ಇನ್ನು ಈ ಮಾತು ನಮ್ಮಿಬ್ಬರಲ್ಲೇ ಇರಲಿ.

ಹಿಂದಿನ ಕಾಗದದಲ್ಲಿ ಬರೆದದ್ದಕ್ಕೆ ಕ್ಷಮಿಸು.

ತಮ್ಮ

•

ಏಪ್ರಿಲ್ 10

ತಮ್ಮಾ,

ಪುಸ್ತಕ ಬಂತು. ಅಧ್ಯಕ್ಷರ ಫೋಟೊ ದೊಡ್ಡದಾಗಿ ಬಂದಿದೆ. ಅರುವತ್ತೊಂದನೇ ಪುಟ ಓದಿದೆ.

ಸುಟ್ಟೆಯಾ? ಆ ಕಾಗದ ಬರೆಯಲು ನನಗೆ ನಲವತ್ತು ವರ್ಷ ಹಿಡಿಯಿತು.

ಅಪ್ಪ ‘ನೀನು ಬಂದೇ ಇಲ್ಲ’ ಅಂದ. ಮಾಸ್ಟರು ‘ಬಂದೇ ಇಲ್ಲ’ ಅಂದರು. ಈಗ ನೀನು. ಮೂವರೂ ಒಳ್ಳೆಯವರೇ, ನನ್ನ ಮೇಲೆ ಪ್ರೀತಿ ಇದ್ದವರೇ. ಮೂವರೂ ಸೇರಿ ನನ್ನ ಬಾಯಿ ಹೊಲಿದಿರಿ, ಒಳಗೆ ಏನು ಉಳಿದಿದೆ ಅಂತ ಒಂದು ಸಲವೂ ಎಣಿಸದೆ. ನಾನು ಆಗ ಮಗು, ಒಪ್ಪಿದೆ. ಈಗ ಐವತ್ತನಾಲ್ಕು.

ಸತ್ತ ಆ ಹುಡುಗಿಯರಲ್ಲಿ ಒಬ್ಬಳ ತಮ್ಮ ನಿಮ್ಮ ಸಮಿತಿಯಲ್ಲಿದ್ದಾನೆ, ಹಿಂದಿನ ಪುಟದ ಪಟ್ಟಿಯಲ್ಲಿ ನೋಡಿದೆ. ತನ್ನ ಅಕ್ಕ ಯಾಕೆ ಸತ್ತಳು ಅಂತ ಅವನು ನಿನ್ನ ದಪ್ಪಕ್ಷರದಲ್ಲಿ ಸುಳ್ಳು ಓದುತ್ತಾನೆ.

ರೈಲಿಗೆ ಟಿಕೆಟ್ ತೆಗೆಸಿದ್ದೇನೆ. ನಿನ್ನ ಭಾವ ಜೊತೆಗೆ ಬರುತ್ತೇನೆ ಅಂದರು, ಬೇಡ ಅಂದೆ. ಇಪ್ಪತ್ತನೇ ತಾರೀಕು, ಸಮಾರಂಭ ಹನ್ನೊಂದಕ್ಕೆ, ಪ್ಲಾಟ್‌ಫಾರಂ ಮೇಲೇ ಅಂತ ಆಹ್ವಾನ ಪತ್ರಿಕೆಯಲ್ಲಿದೆ. ಅಧ್ಯಕ್ಷರ ಭಾಷಣ ಮುಗಿದ ಮೇಲೆ ಮೈಕು ಕೇಳುತ್ತೇನೆ. ನೀನು ಬರೆದ ಸಂಪ್ರದಾಯದ ಪ್ರಕಾರ ಗಾಡಿ ನಾಲ್ಕು ಗಂಟೆ ತಡವಾದರೆ, ಮೈಕಿಲ್ಲದೆ ಹೇಳುತ್ತೇನೆ. ಮಾಸ್ಟರ ಮಗಳನ್ನು ನೀನೇ ಹೋಗಿ ಕರೆದುಕೊಂಡು ಬಾ. ಅವಳು ಕೇಳಿಸಿಕೊಳ್ಳಬೇಕು.

ವಿಚಾರಿಸಿದೆ, ನನ್ನ ಗಾಡಿ ಎರಡನೇ ಸಾಲಿಗೇ ಬರುತ್ತದಂತೆ. ಅಲ್ಲೇ ಇಳಿಯುತ್ತೇನೆ. ಬಾಗಿಲ ಹತ್ತಿರ ನಿಂತಿರು. ಕೈ ಹಿಡಿ, ನನ್ನ ಬಾಯಿಗೆ ಕೈ ಅಡ್ಡ ಹಿಡಿಯಬೇಡ.

ಅಕ್ಕ